ಟ್ರಿಂಗಲ್‌ಬಿ ಮನೆತನದ ಗುಂಡುಪಿನ್ನುಗಳು

ನಾನು ಎಲ್ಲಿ ಹೋಗಿ ಕೂತ್ರೂ ಪಕ್ಕದಲ್ಲಿ ಯಾರಾದ್ರೂ ಒಬ್ರು ದುಃಖದವರು ಬಂದು ಕೂತ್ಕೋತಾರೆ. ಮೈಸೂರಲ್ಲಿ ಟೆಲಿಫೋನ್ ಇಲಾಖೆ ಕೌಂಟರಲ್ಲಿದ್ದಾಗ್ಲೂ ಹಂಗೇ. ಫೋನ್ ಸತ್ತೋದವರು, ಫೋನ್ ಚೆನ್ನಾಗಿದ್ರೂ ಯಾರೂ ಮಾಡದೇ ಇರೋವ್ರು, ಎಲ್ಲಾ ನನ್ನ ಮುಂದೇನೇ ಬಂದು ನಿಲ್ಲೋರು. ರಿಟೈರ್ ಆದ್ಮೇಲೆ ತಪ್ಪಿತು ಅಂದ್ಕೊಂಡೆ. ಮೊಮ್ಮಗಳನ್ನ ನೋಡ್ಕೊಳ್ಳೋಕೆ ಅಂತ ವೀಸಾ ಮೇಲೆ ಮಗಳ ಮನೆಗೆ, ಟೋಕಿಯೋದ ಫುನಾಬೊರಿಗೆ ಬಂದೆ. ನಮ್ಮ ಬಿಲ್ಡಿಂಗ್ ಕೆಳಗೆ ಒಂದು ಬೆಂಚು. ಎದುರಿಗೆ ಕಸದ ಮೂಟೆಗಳು, ಮೂಟೆ ಮೇಲೆ ನೀಲಿ ಬಲೆ, ಬಲೆ ಮೇಲೆ ಕಾಗೆ. ಬಂದ ಮೊದಲನೇ ವಾರಾನೇ ಒಬ್ರು ಬಂದು ಪಕ್ಕದಲ್ಲಿ ಕೂತ್ರು. ಇಂಗ್ಲಿಷಿನವರು, ಎರಡನೇ ಮಹಡೀಲಿ ಒಬ್ರೇ ಇರೋರು. ಎಷ್ಟು ಉದ್ದ ಅಂದ್ರೆ, ಕೂತಿದ್ದಾಗ್ಲೂ ಕಾಗೆಗಳು ಇವರ ಮೇಲೆ ಗೂಡು ಕಟ್ಟೋಣ್ವಾ ಅಂತ ಒಂದು ಸಲ ಬಗ್ಗಿ ನೋಡಿ ಹೋಗೋವು.

ಹೊರೆ

"ನಿಮ್ಮ ಸರ್‌ನೇಮ್ ಏನು?" ಅಂತ ಕೇಳಿದ್ರು.

"ಇಲ್ಲ" ಅಂದೆ.

"ಇಲ್ಲ ಅಂದ್ರೆ? ಕಳ್ಕೊಂಡ್ರಾ?"

"ಇರ್ಲೇ ಇಲ್ಲ. ನಮ್ಮ ಕಡೆ ಊರಿನ ಹೆಸರೋ ಅಪ್ಪನ ಹೆಸರೋ ಹಿಂದೆ ಮುಂದೆ ಅಂಟಿಸ್ಕೊಂಡು ಕಾಲ ತಳ್ಳಿಬಿಡ್ತೀವಿ."

ಅವರು ಕಾಗೆ ಕಡೆ ತಿರುಗಿದ್ರು. ಆಮೇಲೆ ಹೇಳಿದ್ರು, "ಪುಣ್ಯವಂತರು ನೀವು. ನಾನು ಹುಟ್ಟಿದಾಗಿಂದ ಒಂದನ್ನ ಹೊತ್ಕೊಂಡು ಓಡಾಡ್ತಿದೀನಿ. ಈಗ ಇಳಿಸೋಣ ಅಂದ್ರೆ ತಗೊಳ್ಳೋರೇ ಇಲ್ಲ."

ಅವರ ಸರ್‌ನೇಮ್ ಟ್ರಿಂಗಲ್‌ಬಿ. ಅದು ಮೊದಲು ಒಂದು ಊರಿನ ಹೆಸರಂತೆ. ಇಂಗ್ಲೆಂಡಿನ ಪೂರ್ವದ ದಂಡೆ ಮೇಲಿದ್ದ ಬೆಸ್ತರ ಊರು. ಬೆಳಗ್ಗೆ ಮೀನು, ಮಧ್ಯಾಹ್ನ ಮೀನು, ಮದುವೇಲಿ ಮೀನು, ತಿಥೀಲಿ ಮೀನು. ತಲೆತಲಾಂತರದಿಂದ ಊರು ಸಮುದ್ರಾನ ತಿಂತಾ ಬಂತು. ಕೊನೆಗೆ ಸಮುದ್ರಕ್ಕೂ ರೋಸಿಹೋಗಿ, ಅದು ಊರನ್ನ ತಿನ್ನೋಕೆ ಶುರು ಮಾಡ್ತು. ಮೊದಲು ಹಿತ್ತಲು, ಆಮೇಲೆ ಬೀದಿ, ಆಮೇಲೆ ಚರ್ಚು, ಕೊನೆಗೆ ಸ್ಮಶಾನ. ಜನ ಪಾತ್ರೆ ಪಡಗ ಎಲ್ಲಾ ಅಲ್ಲೇ ಬಿಟ್ಟು, ಊರಿನ ಹೆಸರು ಮಾತ್ರ ತಲೆ ಮೇಲಿಟ್ಕೊಂಡು ಓಡಿದ್ರು. ಒಂದಷ್ಟು ಜನ ಪಕ್ಕದ ಬಂದರಿಗೆ, ಒಂದಷ್ಟು ಜನ ಬಟ್ಟೆ ಮಿಲ್ಲಿರೋ ಊರುಗಳಿಗೆ, ಒಂದು ಮನೆಯವರು ಕುರಿ ಕಾಯೋಕೆ ಆಸ್ಟ್ರೇಲಿಯಾಕ್ಕೆ. ಇವರೊಬ್ರು ಹೈಸ್ಕೂಲಲ್ಲಿ ಇಂಗ್ಲಿಷ್ ಮೇಷ್ಟ್ರಾಗಿ ಜಪಾನಿಗೆ.

ಇಲ್ಲೇ ಮದುವೆ ಆದ್ರು. ಮಕ್ಕಳಿಲ್ಲ. ಹೆಂಡತಿ ತೀರ್ಕೊಂಡ್ರು. ಸ್ಟೇಷನ್ ಹಿಂದಿರೋ ಬೌದ್ಧ ದೇವಸ್ಥಾನದಲ್ಲಿ ಅವರ ಸಮಾಧಿ, ಕಲ್ಲಿನ ಮೇಲೆ ಜಪಾನಿ ಅಕ್ಷರದಲ್ಲಿ ‘ಟ್ರಿಂಗಲ್‌ಬಿ ಮನೆತನ’ ಅಂತ ಕೆತ್ತಿಸಿದ್ದಾರೆ. ಅಲ್ಲಿ ಪದ್ಧತಿ ಏನಪ್ಪಾ ಅಂದ್ರೆ, ಆ ಕಲ್ಲು ತೊಳೆದು ಹೂವಿಟ್ಟು ನೋಡ್ಕೊಳ್ಳೋಕೆ ಮನೆಯವರು ಅಂತ ಯಾರಾದ್ರೂ ಇರ್ಬೇಕು. ಇಲ್ದಿದ್ರೆ ಕಲ್ಲು ಎತ್ತಿ, ಬೂದಿ ತೆಗೆದು, ಯಾರ್‍ಯಾರದೋ ಬೂದಿ ಜೊತೆ ಒಂದೇ ಗುಂಡಿಗೆ ಹಾಕ್ಬಿಡ್ತಾರೆ. ಇವರು ಹೋದ್ಮೇಲೆ ಅದೇ ಗತಿ.

"ಅವಳಿಗೆ ರಶ್ ಅಂದ್ರೆ ಆಗ್ತಿರ್ಲಿಲ್ಲ. ಬೆಳಗ್ಗೆ ಆಫೀಸ್ ಟೈಮಲ್ಲಿ ಟ್ರೈನೇ ಹತ್ತುತಿರ್ಲಿಲ್ಲ" ಅಂದ್ರು.

"ಅದಕ್ಕೆಲ್ಲಾ ಇನ್ನೂ ಟೈಮಿದೆ ಬಿಡಿ ಸಾರ್" ಅಂದೆ.

"ಡಾಕ್ಟರು ಸೋಯಾ ಸಾಸ್ ದೊಡ್ಡ ಬಾಟ್ಲಿ ತಗೋಬೇಡಿ ಅಂದಿದಾರೆ."

"ಉಪ್ಪು ಜಾಸ್ತಿ ಅಂತಾನಾ?"

"ಅಲ್ಲ. ಖಾಲಿ ಮಾಡೋಕೆ ನಾನು ಇರಲ್ಲ ಅಂತ."

ಗೋಡೆ ಮೇಲಿನ ಬ್ರಿಟನ್ನು

ಒಂದಿನ ಅವರ ಮನೆಗೆ ಕರೆದ್ರು. ಬಾಗಿಲು ತೆಗೆದ್ರೆ ಗೋಡೆ ತುಂಬಾ ಬ್ರಿಟನ್ ನಕ್ಷೆ. ಅದರ ಮೇಲೆ ಅಲ್ಲೊಂದು ಇಲ್ಲೊಂದು ಕೆಂಪು ತಲೆ ಗುಂಡುಪಿನ್ನು. ಒಂದೊಂದು ಪಿನ್ನೂ ಒಂದೊಂದು ಟ್ರಿಂಗಲ್‌ಬಿ ಮನೆ. ಪಿನ್ನಿಗಿಂತ ಪಿನ್ನು ಕಿತ್ತ ತೂತುಗಳೇ ಜಾಸ್ತಿ. ದೂರದಿಂದ ನೋಡಿದ್ರೆ ಬ್ರಿಟನ್ನಿಗೆ ಸಿಡುಬು ಎದ್ದು ವಾಸಿಯಾದ ಹಂಗಿತ್ತು.

ಮೇಷ್ಟ್ರಲ್ವಾ, ಕಡ್ಡಿ ಹಿಡ್ಕೊಂಡು ಪಾಠ ಶುರು ಮಾಡಿದ್ರು. "ನೋಡಿ, ನಮ್ಮ ಜನ ಮುಕ್ಕಾಲು ಪಾಲು ಸಮುದ್ರ ಬಿಟ್ಟು ಒಂದು ದಿನದ ನಡಿಗೆಗಿಂತ ದೂರ ಹೋಗಿಲ್ಲ. ಸೋಮಾರಿಗಳು. ಈ ಬಂದರಲ್ಲಿ ಮೂರು ಮನೆ ಇತ್ತು. ಒಬ್ಬನಿಗೆ ಬರೀ ಹೆಣ್ಣುಮಕ್ಕಳು, ಮದುವೆ ಆಗಿ ಗಂಡನ ಹೆಸರಿಗೆ ಹೋದ್ರು. ಒಬ್ಬ ಮದುವೇನೇ ಆಗ್ಲಿಲ್ಲ. ಇನ್ನೊಬ್ಬನ್ನ ನೋಡಿ ಯಾರೂ ಆಗ್ಲಿಲ್ಲ." ಟಕ್ ಟಕ್ ಟಕ್ ಅಂತ ಮೂರು ತೂತು ತೋರಿಸಿದ್ರು.

"ಆಸ್ಟ್ರೇಲಿಯಾದವರು?"

"ಅವರಿದಾರೆ. ಆದ್ರೆ ಪ್ರತೀ ಸಲ ಸ್ಪೆಲ್ಲಿಂಗ್ ಹೇಳಿ ಹೇಳಿ ಸಾಕಾಗಿ ಸ್ಮಿತ್ ಅಂತ ಮಾಡ್ಕೊಂಡಿದಾರೆ."

ಇಷ್ಟಾಗಿಯೂ ನಕ್ಷೇಲಿ ಪಿನ್ನು ಎರಡು ಉಳಿದಿತ್ತು. ಒಂದು ಮಧ್ಯ ಭಾಗದಲ್ಲಿ, ಒಂದು ಪೂರ್ವದ ದಂಡೇಲಿ. ನಾನು ಖುಷಿಯಾಗಿ ದಂಡೇದು ತೋರಿಸಿ, "ಇಲ್ಲೊಬ್ರು ಸ್ವಂತ ಊರಲ್ಲೇ ಉಳ್ಕೊಂಡಿದಾರಲ್ಲಾ ಸಾರ್!" ಅಂದೆ.

"ಅದು ಮನುಷ್ಯ ಅಲ್ಲ, ರಸ್ತೆ. ಟ್ರಿಂಗಲ್‌ಬಿ ರೋಡ್. ಊರು ಹೋಯ್ತು, ರಸ್ತೆ ಸ್ವಲ್ಪ ಉಳ್ಕೊಂಡಿದೆ."

"ಹೋಗ್ಲಿ, ಅದಾದ್ರೂ ಇದ್ಯಲ್ಲ."

ಫೋನಲ್ಲಿ ಒಂದು ಫೋಟೋ ತೋರಿಸಿದ್ರು. ರಸ್ತೆ ಸೀದಾ ಹೋಗಿ ಪ್ರಪಾತದ ಅಂಚಲ್ಲಿ ಕಟ್. ಅಂಚಲ್ಲಿ ಒಂದು ಬೋರ್ಡು ಅರ್ಧ ಆಕಾಶಕ್ಕೆ ವಾಲ್ಕೊಂಡು ನಿಂತಿತ್ತು: ‘ಮುಂದೆ ರಸ್ತೆ ಇಲ್ಲ.’

"ನಮ್ಮ ಮನೆತನದ ಧ್ಯೇಯವಾಕ್ಯ" ಅಂದ್ರು.

ಕಡೇ ವಾರಸುದಾರ

ಇನ್ನು ಉಳಿದಿದ್ದು ಮಧ್ಯದ ಪಿನ್ನು. ಅಲ್ಲೊಬ್ಬ ಟ್ರಿಂಗಲ್‌ಬಿ ನಿಜವಾಗ್ಲೂ ಇದ್ದ, ಕಾರ್ಪೆಟ್ ಅಂಗಡಿ ಇಟ್ಕೊಂಡಿದ್ದ. ಇವರಿಗೆ ಫೋನ್ ಮಾಡೋಕೆ ಧೈರ್ಯ ಇಲ್ಲ. ಫೋನ್ ಮಾಡಿ ಅವನೂ ಆಗಲ್ಲ ಅಂದ್ಬಿಟ್ರೆ? ಪಿನ್ನು ಇರೋವರೆಗೆ ಆಸೆ ಇರುತ್ತೆ ಅಂತ ವರ್ಷಗಟ್ಟಲೆ ಹಂಗೇ ಬಿಟ್ಟಿದ್ರು. ನಾನು ಟೆಲಿಫೋನ್ ಇಲಾಖೆ ಮನುಷ್ಯ, ನನ್ನ ಮುಂದೆ ಇಂಥದ್ದೆಲ್ಲಾ ನಡೆಯುತ್ತಾ? ಸಂಜೆ ಕೂತ್ಕೊಂಡು ನಾನೇ ನಂಬರ್ ಒತ್ತಿದೆ. ಸ್ಪೀಕರ್ ಹಾಕಿದೆ.

ಆ ಕಡೆಯವನು ಮೊದಲು ತುಂಬಾ ಸಂತೋಷಪಟ್ಟ. "ಜಪಾನಲ್ಲಿ ನಮ್ಮವರಿದಾರಾ! ನಾವೆಲ್ಲಾ ಒಂದೇ ರಕ್ತ! ನಮ್ಮಪ್ಪ ಯಾವಾಗ್ಲೂ ಹೇಳೋರು, ಟ್ರಿಂಗಲ್‌ಬಿಗಳು ರಾಜವಂಶದವರು ಅಂತ!" ಆಮೇಲೆ ಧ್ವನಿ ತಗ್ಗಿಸಿ, "ಏನಾದ್ರೂ ಆಸ್ತಿ ವಿಷಯಾನಾ?" ಅಂದ.

"ಹೂಂ, ಆಸ್ತಿ ಅಂತಾನೇ ಅನ್ಕೊಳ್ಳಿ. ಕಲ್ಲಿನದು. ಟೋಕಿಯೋದಲ್ಲಿ. ಗಾರ್ಡನ್ ಫೇಸಿಂಗ್" ಅಂದೆ.

ಟ್ರಿಂಗಲ್‌ಬಿಯವರು ನನ್ನ ಮೊಣಕೈ ಹಿಡಿದೆಳೆದು ಫೋನ್ ಕಿತ್ಕೊಂಡ್ರು. ಮೇಷ್ಟ್ರು ನೋಡಿ, ಸುಳ್ಳು ಹೇಳೋಕೆ ಬರಲ್ಲ. ಸಮಾಧಿ, ಕಲ್ಲು ಉಜ್ಜೋದು, ವರ್ಷಕ್ಕೆರಡು ಸಲ ಬಂದು ಹೂವಿಡೋದು, ಎಲ್ಲಾ ವಿವರವಾಗಿ ಹೇಳಿದ್ರು.

ಆ ಕಡೆ ಎಷ್ಟು ಮೌನ ಅಂದ್ರೆ ಕಾರ್ಪೆಟ್ ಹಾಸಿದ್ದು ಕೇಳಿಸ್ತು. ಆಮೇಲೆ ಅವನು ನಿಧಾನಕ್ಕೆ ಅಂದ, "ನೋಡಿ, ನಿಜ ಹೇಳ್ಬೇಕು ಅಂದ್ರೆ, ನಮ್ಮಪ್ಪ ನಮ್ಮಪ್ಪಾನೇ ಹೌದಾ ಅಂತ ನಂಗೆ ಮೊದಲಿಂದ್ಲೂ ಒಂದು ಅನುಮಾನ."

ನಮ್ಮನೆ ನಾಲ್ಕು ಮನೆತನ

ಅದೇ ವಾರ ಯಾವುದೋ ಕಾಗದದ ಕೆಲಸಕ್ಕೆ ನಮ್ಮನೆಯವರೆಲ್ಲಾ ವಾರ್ಡ್ ಆಫೀಸಿಗೆ, ಅಂದ್ರೆ ಇಲ್ಲಿನ ಮುನಿಸಿಪಾಲಿಟಿಗೆ, ಹೋಗ್ಬೇಕಾಯ್ತು. ಅಲ್ಲಿ ಆಗಿದ್ದು ಗೊತ್ತಾಗ್ಬೇಕಾದ್ರೆ ನಮ್ಮ ಪಾಸ್‌ಪೋರ್ಟ್‌ಗಳ ಕಥೆ ಗೊತ್ತಿರ್ಬೇಕು. ಸರ್‌ನೇಮ್ ಅನ್ನೋ ಜಾಗದಲ್ಲಿ ನಂದ್ರಲ್ಲಿ ನಮ್ಮಪ್ಪನ ಹೆಸರು. ಮಗಳದ್ರಲ್ಲಿ ನನ್ನ ಹೆಸರು. ಅಳಿಯಂದಿರದ್ರಲ್ಲಿ ಅವರ ಊರು, ಚನ್ನರಾಯಪಟ್ಣ. ಮೊಮ್ಮಗಳದ್ರಲ್ಲಿ ಅಳಿಯಂದಿರ ಹೆಸರು. ಬೆಂಗಳೂರಲ್ಲಿ ಯಾರಿಗೂ ಏನೂ ಅನ್ಸಲ್ಲ. ಜಪಾನಲ್ಲಿ ಮಾತ್ರ ಎಲ್ಲರನ್ನೂ ಸರ್‌ನೇಮಿಂದಾನೇ ಕರೀತಾರೆ. ಯೋಕೋಹಾಮಾ ಆಫೀಸಲ್ಲಿ ಅಳಿಯಂದಿರು ‘ಚನ್ನರಾಯಪಟ್ಣ-ಸಾನ್’. ಸಾನ್ ಅಂದ್ರೆ ನಮ್ಮ ‘ಅವರೇ’ ಇದ್ದ ಹಂಗೆ. ಅವರು ಮೀಟಿಂಗಿಗೆ ಲೇಟಾದ್ರೆ ಇಡೀ ತಾಲ್ಲೂಕಿಗೇ ಬೈಗುಳ. ನಾನು ಆಸ್ಪತ್ರೆಗೆ ಹೋದ್ರೆ ನರ್ಸು ನಮ್ಮಪ್ಪನ ಹೆಸರು ಕೂಗ್ತಾಳೆ. ಅವರು ಹೋಗಿ ಮೂವತ್ತು ವರ್ಷದ ಮೇಲಾಯ್ತು, ಆದ್ರೂ ನಾನು ಎದ್ದು ನಿಂತು ಬಾಗಿಲ ಕಡೆ ನೋಡ್ತೀನಿ.

ಕೌಂಟರಲ್ಲಿದ್ದ ಹುಡುಗಿ, ಪಾಸ್‌ಪೋರ್ಟ್ ನೋಡಿ ಬರೆದಿದ್ದ ನಮ್ಮ ನಾಲ್ಕು ರೆಸಿಡೆನ್ಸ್ ಕಾರ್ಡೂ ಸಾಲಾಗಿ ಜೋಡಿಸ್ಕೊಂಡು ನೋಡಿದ್ಲು. ನಗ್ತಾನೇ ಇದ್ಲು, ಆದ್ರೆ ಕಣ್ಣಲ್ಲಿ ನೀರು.

"ಸುಮಿಮಾಸೆನ್" ಅಂತ ಮೊದಲು ಕ್ಷಮೆ ಕೇಳಿ, "ನೀವು ನಾಲ್ಕೂ ಜನ ಬೇರೆ ಬೇರೆ ಮನೆಯವರಾ?" ಅಂದ್ಲು.

"ಒಂದೇ ಮನೆ" ಅಂದ್ಲು ನನ್ನ ಮಗಳು.

"ಗಂಡ ಹೆಂಡತಿ ಸರ್‌ನೇಮ್ ಬೇರೆ?"

"ಹೌದು."

"ತಂದೆ ಮಗಳದೂ ಬೇರೆ?"

"ಎರಡು ಜೊತೆ ತಂದೆ ಮಗಳದೂ ಬೇರೆ."

ಅವಳು ಸೀನಿಯರ್‌ನ ಕರೆದ್ಲು. ಅವನು ಅವನ ಸೀನಿಯರ್‌ನ ಕರೆದ. ಕೊನೆಗೆ ನಿವೃತ್ತಿ ಹೊಂದಿ ಮನೇಲಿ ಗಿಡಕ್ಕೆ ನೀರು ಹಾಕ್ತಿದ್ದ ಮುದುಕರನ್ನೂ ಕರೆಸಿದ್ರು ಅಂತ ನನ್ನ ನೆನಪು. ಎಲ್ಲರೂ ಸೇರಿ ನಮ್ಮ ಕಡೆ ತಿರುಗಿ ಬಗ್ಗಿ ನಮಸ್ಕಾರ ಮಾಡಿದ್ರು.

"ಏನಂತೆ?" ಅಂತ ಮಗಳನ್ನ ಕೇಳಿದೆ.

"ಇಷ್ಟೊಂದು ಜನ ಯಾರಿಗೂ ಯಾರೂ ಏನೂ ಆಗ್ದೇ ಇದ್ರೂ ಒಟ್ಟಿಗೆ ಬಾಳ್ತಿದೀವಲ್ಲಾ, ದೊಡ್ಡ ಮನಸ್ಸು ಅಂತಿದಾರೆ."

ಮನೆಯವರು

ಚಳಿ ಹೋಗಿ ಹಿಗಾನ್ ಬಂತು. ನಮ್ಮ ಪಿತೃಪಕ್ಷದ ಥರ, ಎಲ್ಲರೂ ಸಮಾಧಿಗೆ ಹೋಗೋ ವಾರ. ಟ್ರಿಂಗಲ್‌ಬಿಯವರಿಗೆ ಆಗ್ಲೇ ಒಬ್ರೇ ಮೆಟ್ಲು ಹತ್ತೋಕೆ ಆಗ್ತಿರ್ಲಿಲ್ಲ. ಕಾರ್ಪೆಟ್ ಅಂಗಡಿಯವನ ಪಿನ್ನೂ ಕಿತ್ತಾಕಿದ್ರು. "ಇವತ್ತು ದೇವಸ್ಥಾನದ ಗುರುಗಳಿಗೆ ಹೇಳ್ಬಿಡ್ತೀನಿ, ಕಲ್ಲು ಎತ್ಕೊಳ್ಳಿ ಅಂತ" ಅಂದ್ರು. ನಂಗೆ ತಡೀಲಿಲ್ಲ.

ಆ ಕಲ್ಲು ನಾವೇ ನೋಡ್ಕೊಳ್ಳೋಣ ಅಂತ ಮಗಳಿಗೆ ಹೇಳಿದೆ. ಅವಳು ಅಕ್ಕಿ ತೊಳೀತಾ ಇದ್ಲು. "ಅಪ್ಪಾ, ನಿನ್ನ ಮೊಮ್ಮಗಳಿಗೆ ಏಳು ವರ್ಷ ತುಂಬಿದ್ರೆ ನಿನ್ನ ವೀಸಾ ಮುಗೀತು. ನೀನು ಮೈಸೂರಿಗೆ ಹೋಗ್ತೀಯ. ಆಮೇಲೆ ಆ ಕಲ್ಲು ಉಜ್ಜೋರು ಯಾರು?"

ನಾನು ಅವಳನ್ನೇ ನೋಡಿದೆ.

"ಅನ್ಕೊಂಡೆ" ಅಂದ್ಲು. ಅಕ್ಕಿ ಕುಕ್ಕರಿಗಿಟ್ಟು, ಗಂಡನ್ನ ಕರೆದು, ಕಾರ್ಡುಗಳನ್ನ ಬ್ಯಾಗಿಗೆ ಹಾಕ್ಕೊಂಡು, ಟ್ರಿಂಗಲ್‌ಬಿಯವರನ್ನೂ ನಮ್ಮನ್ನೂ ಕರ್ಕೊಂಡು ದೇವಸ್ಥಾನಕ್ಕೆ ಹೊರಟ್ಲು.

ಗುರುಗಳು ತುಂಬಾ ಮೆದು ಮನುಷ್ಯ. ಚಾಪೆ ಮೇಲೆ ಕೂರಿಸಿ, ಟೀ ಕೊಟ್ಟು, ಟ್ರಿಂಗಲ್‌ಬಿಯವರನ್ನ ತೋರಿಸಿ "ಇವರು ತಮಗೆ ಏನಾಗ್ಬೇಕು?" ಅಂತ ಕೇಳಿದ್ರು.

"ಮನೆಯವರು" ಅಂದೆ. ಮಗಳು ಜಪಾನಿಗೆ ತಿರುಗಿಸಿದ್ಲು.

"ಆದ್ರೆ ಸರ್‌ನೇಮು..."

ನಾಲ್ಕೂ ಕಾರ್ಡು ಅವರ ಮುಂದೆ ಇಟ್ಟೆ. ಅವರು ಒಂದೊಂದೇ ಓದಿದ್ರು. ಚನ್ನರಾಯಪಟ್ಣಕ್ಕೆ ಬಂದಾಗ ಮಧ್ಯದಲ್ಲಿ ಒಂದು ಸಲ ಉಸಿರು ತಗೊಂಡ್ರು.

"ನೋಡಿ ಗುರುಗಳೇ, ನಮ್ಮನೇಲಿ ಒಬ್ಬರ ಹೆಸರು ಇನ್ನೊಬ್ಬರಿಗೆ ಸೇರಲ್ಲ. ನಮ್ಮನೆ ಗುರುತೇ ಅದು. ವಾರ್ಡ್ ಆಫೀಸಿನವರೂ ಒಪ್ಕೊಂಡಿದಾರೆ. ಈಗ ಇವರ ಹೆಸರು ನೋಡಿ. ನಮ್ಮ ನಾಲ್ವರಲ್ಲಿ ಯಾರದಕ್ಕಾದ್ರೂ ಸೇರುತ್ತಾ?"

"ಅಪ್ಪಾ, ಇದನ್ನ ಹೆಂಗೆ ಹೇಳ್ಲಿ?" ಅಂದ್ಲು ಮಗಳು. ಆದ್ರೂ ಹೇಳಿದ್ಲು.

ಗುರುಗಳು ಕಾರ್ಡು ನೋಡಿದ್ರು, ಟ್ರಿಂಗಲ್‌ಬಿಯವರನ್ನ ನೋಡಿದ್ರು. "ಇಲ್ಲ, ಯಾರದಕ್ಕೂ ಸೇರಲ್ಲ."

"ಮತ್ತಿನ್ನೇನು? ನಮ್ಮನೆಯವರೇ."

ಗುರುಗಳು ಹಲ್ಲಿನ ಸಂದಿಯಿಂದ ಗಾಳಿ ಎಳ್ಕೊಂಡ್ರು. ಟೀ ಲೋಟ ಒಂದು ಸುತ್ತು ತಿರುಗಿಸಿದ್ರು. ಆಮೇಲೆ "ನಾರುಹೊದೊ" ಅಂದ್ರು. ಓಹೋ ಹಂಗಾ ಅಂತ. ಆಮೇಲೆ ನನ್ನ ಮಗಳ ಕಡೆ ತಿರುಗಿ, ಇನ್ಮುಂದೆ ಕಲ್ಲಿನ ಜವಾಬ್ದಾರಿ ನಿಮ್ಮದು ಅಂತ ತಲೆ ಬಗ್ಗಿಸಿದ್ರು.

ಟ್ರಿಂಗಲ್‌ಬಿಯವರು ಮನೆಗೆ ಬಂದವರೇ ಡಬ್ಬಿ ತೆಗೆದು ನಾಲ್ಕು ಪಿನ್ನು ಆರಿಸ್ಕೊಂಡ್ರು. ಬ್ರಿಟನ್ ನಕ್ಷೇಲಿ ಫುನಾಬೊರಿ ಎಲ್ಲಿಂದ ಬರ್ಬೇಕು? ನಕ್ಷೆಯಿಂದ ಆಚೆ, ಬರೀ ಗೋಡೆಗೇ, ಲೈಟ್ ಸ್ವಿಚ್ ಪಕ್ಕದಲ್ಲಿ ನಾಲ್ಕನ್ನೂ ಒತ್ತಿದ್ರು. ಸ್ವಲ್ಪ ಹಿಂದಕ್ಕೆ ಹೋಗಿ ನಿಂತು ನೋಡಿದ್ರು. "ಇಷ್ಟು ವರ್ಷದಲ್ಲಿ ಇದೇ ಅತೀ ದಟ್ಟವಾದ ಜಾಗ" ಅಂದ್ರು.

ಕೊಂಬಿನಿ ಅನ್ನೋ ಬೀದಿ ಅಂಗಡಿಯಿಂದ ತಂದ ಸೋಯಾ ಸಾಸಿನ ಸಣ್ಣ ಬಾಟ್ಲೀನೂ ಅವರಿಗೆ ಖಾಲಿ ಮಾಡೋಕೆ ಆಗ್ಲಿಲ್ಲ. ಮಳೆಗಾಲ ಶುರುವಾಗೋ ಹೊತ್ತಿಗೆ ಹೋದ್ರು. ದಹನಕ್ಕೆ ನಮ್ಮನ್ನ ಬಿಟ್ರೆ ಹಳೇ ಸ್ಕೂಲಿನ ಮೇಷ್ಟ್ರು ಒಂದಿಬ್ಬರು. ಎಲ್ಲರೂ ಕಪ್ಪು ಬಟ್ಟೆ ಹಾಕ್ಕೊಂಡು ಒಂದು ಹಾಲ್‌ನಲ್ಲಿ ಕಾಯ್ತಾ ಕೂತಿದ್ವಿ. ಹೊರಗೆ ಮಳೆ. ಮೊಮ್ಮಗಳು ನನ್ನ ತೊಡೆ ಮೇಲೆ. ಬಿಳೀ ಗ್ಲೌಸ್ ಹಾಕ್ಕೊಂಡ ಒಬ್ಬ ಬಂದು, ತಗ್ಗಿದ ದನೀಲಿ ಕರೆದ: "ಟ್ರಿಂಗಲ್‌ಬಿ ಮನೆಯವರು ಬನ್ನಿ."

ನಾನು ಎದ್ದೆ. ಮಗಳೂ ಎದ್ಲು. ಅಳಿಯಂದಿರೂ ಎದ್ರು. ಮೊಮ್ಮಗಳೂ ಇಳಿದು ನಿಂತ್ಕೊಂಡ್ಲು. ಜಪಾನಿಗೆ ಬಂದಾಗಿಂದ ಒಂದೇ ಹೆಸರಿಗೆ ನಾವು ನಾಲ್ಕೂ ಜನ ಒಟ್ಟಿಗೆ ಎದ್ದಿದ್ದು ಅದೇ ಮೊದಲು. ಅಳಿಯಂದಿರು ಕಣ್ಣೊರೆಸ್ಕೊಂಡು "ಎಷ್ಟು ಸಲೀಸಲ್ವಾ ಮಾವ" ಅಂದ್ರು.

ಬೂದಿ ತಗೊಂಡು ದೇವಸ್ಥಾನಕ್ಕೆ ಬಂದು, ಹೆಂಡತಿ ಪಕ್ಕದಲ್ಲಿ ಇಟ್ಟು, ಕಲ್ಲು ತೊಳೆದ್ವಿ. ಆಮೇಲೆ ಊಟ. ಎಲ್ಲರ ಮುಂದೂ ಕಪ್ಪು ಡಬ್ಬಿ ತಂದಿಟ್ರು. ಮುಚ್ಚಳ ತೆಗೆದ್ರೆ ಸಾಲಾಗಿ ಮೀನು. ಹಸೀದು, ಸುಟ್ಟಿದ್ದು, ಕಣ್ಣು ಬಿಟ್ಕೊಂಡು ನನ್ನನ್ನೇ ನೋಡ್ತಿರೋದು. ಮಗಳು ಗಾಬರಿಯಾಗಿ ಬಡಿಸೋರನ್ನ ಕರೆದ್ಲು. ಅಷ್ಟು ತಲೆಮಾರಿನ ಟ್ರಿಂಗಲ್‌ಬಿ ಬೆಸ್ತರು ಆ ತಣ್ಣನೆ ಸಮುದ್ರದ ತಳದಲ್ಲಿ ಒಂದೇ ಸಲ ಮಗ್ಗುಲು ಬದಲಾಯಿಸೋ ಅಂಥ ಮಾತನ್ನ ತಲೆ ಬಗ್ಗಿಸಿ ಹೇಳಿದ್ಲು:

"ಸುಮಿಮಾಸೆನ್, ಟ್ರಿಂಗಲ್‌ಬಿ ಮನೇಲಿ ಯಾರೂ ಮೀನು ಮುಟ್ಟಲ್ಲ."