ತಾತನ ಕೋವಿಯ ಬಾಣಂತನ

ಚನ್ನರಾಯಪಟ್ಟಣದಲ್ಲಿ ನನಗೆ ಹೆದರುವ ಪ್ರಾಣಿ ಒಂದೂ ಇಲ್ಲ, ನಮ್ಮ ಎಮ್ಮೆಯೂ ಸೇರಿದಂತೆ. ತೆಂಗಿನಕಾಯಿ ಕಳ್ಳ ಹುಚ್ಚಯ್ಯನಂತೂ ನಮ್ಮ ಮರದ ಮೇಲಿಂದಲೇ “ಸಂದಾಕಿದ್ದೀರಾ ಸಾ?” ಎಂದು ಕ್ಷೇಮ ವಿಚಾರಿಸುತ್ತಾನೆ. ಒಮ್ಮೆಯಾದರೂ ಅವನು ನನ್ನನ್ನು ಕಂಡು ನಡುಗಬೇಕು ಎಂಬುದೇ ನನ್ನ ಜೀವಮಾನದ ಆಸೆ.

ಆದ್ದರಿಂದ, ಪಟೇಲಿಕೆಯೇ ರದ್ದಾಗುತ್ತದಂತೆ ಎಂಬ ಸುದ್ದಿ ಹಬ್ಬಿದ ವರ್ಷ, ಪಟೇಲರಾಗಿದ್ದ ತಾತನ ಜೋಡುನಳಿಗೆಯ ಕೋವಿಯನ್ನು ರಿಪೇರಿ ಮಾಡಿಸೋಣವೆಂದು ಅಟ್ಟದಿಂದ ಇಳಿಸಿದೆ. (ತಾತ ಅದರಿಂದ ಸೊಳ್ಳೆಯನ್ನೂ ಕೊಂದವರಲ್ಲ, ನಾವು ಜೈನರು. ಹೆಗಲ ಮೇಲಿದ್ದರೆ ಸಾಕಿತ್ತು.) ತುಕ್ಕು ಹಿಡಿದ ಅದನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತವನು ಹಾಗೇ ತೇಲಿಹೋದೆ. ಬೆಳದಿಂಗಳು. ತೆಂಗಿನ ತೋಟ. ನನ್ನ ಹೆಗಲಲ್ಲಿ ಫಳಫಳ ಹೊಳೆಯುವ ಕೋವಿ. ಹುಚ್ಚಯ್ಯ ಮರದಿಂದ ಜಾರಿ ಬಂದು ನನ್ನ ಪಾದಾರವಿಂದಕ್ಕೆ ಬೀಳುತ್ತಾನೆ. ನಾನು ಕ್ಷಮಿಸುತ್ತೇನೆ...

“ರೀ, ಕಾಫಿ ಆರೋಯ್ತು,” ಎಂದಳು ನನ್ನಾಕೆ ವಸಂತಮ್ಮ. “ಅದನ್ನ ರಿಪೇರಿ ಮಾಡ್ಸಿ ಏನ್ಮಾಡ್ತೀರಿ?”

“ಹೆಗಲ ಮೇಲೆ ಹಾಕ್ಕೋತೀನಿ.”

“ಟವಲ್ಲೇ ನಿಲ್ಲಲ್ಲ ನಿಮ್ಮ ಹೆಗಲ ಮೇಲೆ!”

ಆದರೂ ಹಿರೀಸಾವೆಯಿಂದ ಕಮ್ಮಾರ ನಂಜಪ್ಪನನ್ನು ಕರೆಸಿದೆ. ಅವನು ನಳಿಗೆಯೊಳಗೆ ಇಣುಕಿದ.

“ಕಣಜದ ಉಳ ಮಣ್ಣಿನ ಗೂಡು ಕಟ್ಬುಟ್ಟದೆ ಸಾ. ಸಲಾಕೆ ಆಕಿ ಕುಟ್ಬುಟ್ರೆ ಆಯ್ತು.”

ಒಳಗಿದ್ದ ವಸಂತಮ್ಮ ಹೊರಗೆ ಬಂದಳು. “ಗೂಡಲ್ಲಿ ಮರಿ ಇದ್ಯೇನಪ್ಪಾ?”

“ಇರ್ತವೆ ಕಣವ್ವಾ.”

“ಹಾಗಾದ್ರೆ ಸಲಾಕೆ ಕೆಳಗಿಡು.”

ನಾನು ಶಾಸ್ತ್ರಚರ್ಚೆಗೇ ಇಳಿದೆ. “ಆ ಕಣಜವೇ ಹಸಿರು ಹುಳು ಹಿಡ್ಕೊಂಡ್ಬಂದು ಮರಿಗೆ ತಿನ್ನಿಸುತ್ತೆ. ಅದು ಹಿಂಸೆ ಅಲ್ವೇನೇ?”

“ಅದರ ಕರ್ಮ ಅದಕ್ಕೆ, ನಿಮ್ಮ ಕರ್ಮ ನಿಮಗೆ. ಮರಿ ಹಾರಿ ಹೋಗ್ಲಿ, ಆಮೇಲೆ ಕುಟ್ಟಿಸಿ.”

ನಂಜಪ್ಪ ನನ್ನ ಪಾಲಿನ ಕಾಫಿಯನ್ನೂ ಕುಡಿದು ಹೋದ.

ಮರಿಗಳು ಹಾರಿಹೋದವು. ಅವನಿಗೆ ಹೇಳಿಕಳಿಸುವಷ್ಟರಲ್ಲಿ ಪಕ್ಕದ ನಳಿಗೆಯಲ್ಲಿ ಮತ್ತೊಂದು ಬಾಣಂತನ ಶುರುವಾಗಿತ್ತು! ಮರಿಗಳ ಮೇಲೆ ಹಲ್ಲಿಯ ಕಣ್ಣು ಬಿದ್ದಿದೆಯೆಂದು ಕೋವಿಯನ್ನು ಕಾಯುವ ಕೆಲಸವೂ ನನಗೇ ಬಂತು. ಬೀಸಣಿಗೆ ಹಿಡಿದು ಜಗಲಿಯಲ್ಲಿ ಕೂತೆ. ಕಣಜದ ಗುಂಯ್‌ಗುಟ್ಟುವಿಕೆಗೆ ಕಣ್ಣು ಎಳೆಯುತ್ತಿತ್ತು.

ಕಣ್ಣು ಬಿಟ್ಟರೆ ಎದುರಿಗೆ ಹುಚ್ಚಯ್ಯ, ಹೆಗಲ ಮೇಲೆ ಕಾಯಿಯ ಮೂಟೆ. ಕೋವಿ ಕಂಡು ಗಕ್ಕನೆ ನಿಂತ. ನನ್ನ ಎದೆ ಉಬ್ಬಿತು. ಕೊನೆಗೂ ಬಂತು ಆ ಗಳಿಗೆ!

ಅವನು ಬಗ್ಗಿ ನೋಡಿದ. ಕೋವಿ, ಕಣಜ, ಬೀಸಣಿಗೆ, ನಾನು. ಅವನ ಮುಖ ಕರಗಿಹೋಯಿತು.

“ಅಯ್ಯೋ, ಅಮ್ಮಾವ್ರು ಇಂಥಾ ಕೆಲ್ಸಕ್ಕೂ ಕೂರ್ಸವ್ರಾ ಸಾ!” ಎಂದವನೇ ಮೂಟೆಯಿಂದ ಒಂದು ಎಳನೀರು ತೆಗೆದು, ಕೆತ್ತಿ, ನನ್ನ ಕೈಗಿಟ್ಟು ಹೋದ.

ನಮ್ಮ ತೋಟದ್ದೇ. ಸಿಹಿಯಾಗಿತ್ತು.