ಬ್ಯಾಟರಾಯಪ್ಪನ ಟ್ರಕ್ಕು ಸ್ಟಾರ್ಟಾದದ್ದು

ಎಲ್ಲಕ್ಕೂ ಕಾರಣ ಒಂದು ಲೋಟ ಕಾಫಿ. ನಾಗೇಶ ತನ್ನ ಜೇಬಿನಿಂದ ಇನ್ನೊಬ್ಬರಿಗೆ ಕಾಫಿ ಕುಡಿಸಿದ್ದನ್ನು ಕೊಡಿಗೇಹಳ್ಳಿಯಲ್ಲಿ ಕಂಡವರಿರಲಿಲ್ಲ. ಊರಿನ ಪ್ರತಿ ಲೈಟು ಕಂಬದ ಮೇಲೂ ಫ್ಲೆಕ್ಸಿನಲ್ಲಿ ಕೈಮುಗಿದು ನಿಂತಿರುವ ಆ ಸಮಾಜ ಸೇವಕ, ಬ್ಯಾಟರಾಯಪ್ಪನನ್ನು ದರ್ಶಿನಿಗೆ ಕರೆದೊಯ್ದು, ಕಾಫಿಯ ಜೊತೆಗೆ ಎರಡು ಮದ್ದೂರು ವಡೆಯನ್ನೂ ಕೊಡಿಸಿ, "ಅಣ್ಣ, ಈ ಸಲ ರಾಜ್ಯೋತ್ಸವದ ಮೆರವಣಿಗೇಲಿ ತಾಯಿ ಭುವನೇಶ್ವರಿ ನಿಮ್ಮ ಮಿಲಿಟ್ರಿ ಟ್ರಕ್ ಮೇಲೇ ಬರ್ಬೇಕು. ಸ್ಟೇರಿಂಗು ನಿಮ್ ಕೈಲಿ. ರಿಪೇರಿ ಖರ್ಚು ನಂದು" ಎಂದಾಗ, ಬ್ಯಾಟರಾಯಪ್ಪನ ಬಾಯಲ್ಲಿದ್ದ ವಡೆ ಅಲ್ಲೇ ನಿಂತುಬಿಟ್ಟಿತು.

ಟ್ರಕ್ಕು ನಿಂತು ಹನ್ನೊಂದು ವರ್ಷವಾಗಿತ್ತು. ಮಿಲಿಟ್ರಿ ಹರಾಜಿನಲ್ಲಿ ಬ್ಯಾಟರಾಯಪ್ಪ ಅದನ್ನು ಕೊಂಡು ತಂದಾಗ ಅವನ ಮೀಸೆ ಇನ್ನೂ ಕಪ್ಪಗಿತ್ತು. ಇಟ್ಟಿಗೆ, ಮರಳು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು ಹೊತ್ತು, ಒಂದು ದಿನ ಊರ ಗುಂಡುತೋಪಿನ ಬಾಯಲ್ಲಿ, ಎರಡು ಹೊಂಗೆ ಮರಗಳ ನಡುವೆ ನಿಂತದ್ದು ಮತ್ತೆ ಅಲುಗಲಿಲ್ಲ. ಪಿಸ್ಟನ್ನಿನ ರಿಂಗುಗಳು ಸವೆದು ಇಂಜಿನ್ನಿಗೆ ದಮ್ಮೇ ಇರಲಿಲ್ಲ. ಸೆಲ್ಫ್ ಹೊಡೆದರೆ ಕಫ ಕಟ್ಟಿದ ಮುದುಕನಂತೆ ನಾಲ್ಕು ಸಲ ಕೆಮ್ಮಿ ಮಲಗುತ್ತಿತ್ತು. ಚಕ್ರಗಳು ಅರ್ಧಕ್ಕೆ ಮಣ್ಣಲ್ಲಿ ಹೂತವು. ಕ್ಯಾಬಿನ್ನಿನಲ್ಲಿ ಕೋಳಿಗಳು ಕಾವಿಗೆ ಕೂತವು. ಬಾನೆಟ್ಟಿನ ಮೇಲೆ ಹೆಂಡತಿ ಗೋಪಾಲಮ್ಮ ಸಂಡಿಗೆ ಒಣಗಿಸಿದಳು.

ಗುಂಡುತೋಪು ಎಂದರೆ ಈಗ ಉಳಿದಿರುವುದು ಎಂಟು ಗುಂಟೆ, ಆರು ಮರ. ಮಿಕ್ಕಿದ್ದನ್ನು ಯಾರು ನುಂಗಿದರೆಂದು ಕೇಳಿದರೆ ಊರಿನ ಅರ್ಧ ಮನೆಗಳು ಬಾಗಿಲು ಹಾಕಿಕೊಳ್ಳುತ್ತವೆ. ಉಳಿದ ಎಂಟು ಗುಂಟೆಯಲ್ಲೇ ಊರಿನವರು ರಾಗಿ ಹರಡಬೇಕು, ಮಕ್ಕಳು ಆಡಬೇಕು, ಸತ್ತವರ ತಿಥಿಗೆ ಒಲೆ ಹೂಡಬೇಕು. ಅದನ್ನು ಉಳಿಸಿದ್ದು ತಾನೇ ಎಂದು ಬ್ಯಾಟರಾಯಪ್ಪ ಎದೆ ತಟ್ಟಿ ಹೇಳುತ್ತಿದ್ದ. 'ಗುಂಡುತೋಪು ಉಳಿಸಿ ಹೋರಾಟ ಸಮಿತಿ'ಗೆ ಅವನೇ ಅಧ್ಯಕ್ಷ. ನಲವತ್ತೊಂದು ಮನವಿ ಪತ್ರ ಕೊಟ್ಟಿದ್ದ. ಮೂರು ಸಲ ಜೆಸಿಬಿ ಬಂದಿತ್ತು. ಮೂರು ಸಲವೂ ಸಮಿತಿಯ ಹದಿನಾಲ್ಕು ಜನ ಗಂಟಲು ಹರಿಯುವಂತೆ ಧಿಕ್ಕಾರ ಕೂಗಿದ್ದರು. ಮೂರು ಸಲವೂ ಅದು ತೋಪಿನ ಬಾಯಿವರೆಗೆ ಬಂದು, ಐದು ನಿಮಿಷ ನಿಂತು, ಹಿಂದಕ್ಕೆ ಹೋಗಿತ್ತು. ಜೆಸಿಬಿ ಕಳಿಸಿದ್ದು ಯಾರೆಂದು ಮಾತ್ರ ಯಾರೂ ಬಾಯಿಬಿಡಲಿಲ್ಲ.

"ನಮ್ ಧಿಕ್ಕಾರಕ್ಕೆ ಕಬ್ಬಿಣಾನೂ ಎದ್ರುತ್ತೆ ಕಣೇ" ಎನ್ನುತ್ತಿದ್ದ ಬ್ಯಾಟರಾಯಪ್ಪ.

"ಊಂ, ಎದ್ರುತ್ತೆ ಎದ್ರುತ್ತೆ" ಎಂದು ಗೋಪಾಲಮ್ಮ ಸಂಡಿಗೆ ಮಗುಚುತ್ತಿದ್ದಳು.

ರಾಜ್ಯೋತ್ಸವಕ್ಕೆ ಇನ್ನೆರಡೇ ದಿನ. ಆರ್.ಟಿ. ನಗರದ ಮೆಕ್ಯಾನಿಕ್ ಸುಫಿಯಾನ್ ಹತ್ತು ದಿನದಿಂದ ಹೊಂಗೆ ಮರದಡಿಯಲ್ಲೇ ಇಂಜಿನ್ ಬಿಚ್ಚಿ ಹರಡಿಕೊಂಡಿದ್ದ. ನಾಗೇಶನ ಆಳುಗಳು ಚಕ್ರ ಅಗೆದು ತೆಗೆದು ಹೊಸ ಟೈರು ಹಾಕಿಯಾಗಿತ್ತು. ಇಂದು ಹೊಸ ರಿಂಗು ಕೂರಿಸುವ ದಿನ. ಗೋಣಿಚೀಲದ ಮೇಲೆ ಎಣ್ಣೆ ಹಚ್ಚಿದ ರಿಂಗುಗಳನ್ನು ಸಾಲಾಗಿ ಜೋಡಿಸಿಟ್ಟು ಸುಫಿಯಾನ್ ತಿಂಡಿಗೆ ಹೋದ. ಅದೇ ತಪ್ಪಾಯಿತು. ಸಮಿತಿಯ ಕಾರ್ಯದರ್ಶಿ ಅಶ್ವತ್ಥ್ ಬಂದರು.

ಅಶ್ವತ್ಥ್ ನಿವೃತ್ತ ಹೆಡ್ ಗುಮಾಸ್ತರು. ತಪ್ಪು ಕಂಡುಹಿಡಿಯದಿದ್ದರೆ ಅವರಿಗೆ ತಿಂದದ್ದು ಜೀರ್ಣವಾಗುವುದಿಲ್ಲ. ಒಂದು ರಿಂಗು ಎತ್ತಿಕೊಂಡು ಕನ್ನಡಕ ಸರಿಮಾಡಿಕೊಂಡರು.

"ರೀ ಬ್ಯಾಟರಾಯಪ್ಪ, ಇದು ಕಟ್ ಆಗಿದೆಯಲ್ರೀ!"

ಇನ್ನೊಂದು ಎತ್ತಿದರು. "ಇದೂ ಕಟ್ಟು!" ಮತ್ತೊಂದು. "ಅಯ್ಯೋ, ಪೂರಾ ಡ್ಯಾಮೇಜ್ ಮಾಲು ಅಂಟಿಸಿದಾನಲ್ರೀ ಅಂಗಡಿಯವನು!"

ಬ್ಯಾಟರಾಯಪ್ಪ ಬಗ್ಗಿ ನೋಡಿದ. ನಿಜವೇ. ಪ್ರತಿ ರಿಂಗಿನಲ್ಲೂ ಕೂದಲು ತೂರುವಷ್ಟು ಸೀಳು. ಮೂವತ್ತು ವರ್ಷ ಟ್ರಕ್ಕು ಓಡಿಸಿದ್ದನೇ ಹೊರತು ಅದರ ಹೊಟ್ಟೆಯೊಳಗೆ ಇಣುಕಿದವನಲ್ಲ. "ಸುಫಿಯಾನ್ ಬರ್ಲಿ ತಡೀರಿ ಸಾ..." ಎಂದು ರಾಗ ಎಳೆಯುವಷ್ಟರಲ್ಲಿ ಅಶ್ವತ್ಥ್ ಐದು ರಿಂಗನ್ನು ಚೀಲಕ್ಕೆ ತುಂಬಿಕೊಂಡು ಸ್ಕೂಟರ್ ಒದ್ದಿದ್ದರು.

ಅರ್ಧ ಗಂಟೆಗೆ ಬಂದರು, ಯುದ್ಧ ಗೆದ್ದವರಂತೆ. ಗೇಟು, ಗ್ರಿಲ್ಲು ಮಾಡುವ ಅಂಗಡಿಯಲ್ಲಿ ಐದೂ ರಿಂಗಿನ ಸೀಳಿಗೆ ವೆಲ್ಡಿಂಗ್ ಹೊಡೆಸಿ, ಮೇಲೆ ನುಣ್ಣಗೆ ಉಜ್ಜಿಸಿಯೂ ತಂದಿದ್ದರು. "ನೋಡಪ್ಪಾ, ಈಗ ಬಳೆ ಥರ ಇದೆ!"

ಸುಫಿಯಾನ್ ರಿಂಗು ನೋಡಿದ. ಅಶ್ವತ್ಥರನ್ನು ನೋಡಿದ. ಮೆಲ್ಲಗೆ ಸ್ಟೆಪ್ನಿಯ ಮೇಲೆ ಕೂತ.

"ಯಾ ಅಲ್ಲಾ! ಸಾರ್, ಆ ಗ್ಯಾಪು ಇರ್ಲೇಬೇಕು ಸಾರ್! ಗ್ಯಾಪಿಲ್ದಿದ್ರೆ ಮೊದಲು ಪಿಸ್ಟನ್‌ಗೆ ಏರೋದೇ ಇಲ್ಲ. ಹೆಂಗೋ ಏರಿಸಿದ್ರೂ ಬಿಸಿಗೆ ಹಿಗ್ಗಿ ಇಂಜಿನ್ ಹಿಡ್ಕೊಂಡ್ಬಿಡುತ್ತೆ. ಆಮೇಲೆ ಜೆಸಿಬಿ ತಂದು ಎಳೆದ್ರೂ ಅಲ್ಲಾಡಲ್ಲ ಈ ಗಾಡಿ!"

ಬ್ಯಾಟರಾಯಪ್ಪನಿಗೆ ಮೆರವಣಿಗೆ ಕಣ್ಣೆದುರೇ ಕರಗಿಹೋಯಿತು. ಆದರೆ ಸುದ್ದಿ ಮುಟ್ಟಿದ್ದೇ ತಡ, ನಾಗೇಶ ಪೇಟೆಗೆ ಬೈಕು ಓಡಿಸಿ, ಗಂಟೆ ಹೊತ್ತಿನಲ್ಲಿ ಹೊಸ ಸೆಟ್ಟನ್ನೇ ತಂದುಕೊಟ್ಟ.

"ಒಂದ್ ಬೀದಿ ದೀಪ ಆಕ್ಸು ಅಂದ್ರೆ ವರ್ಸ ತಗೋತಾನೆ. ಇದಕ್ ಮಾತ್ರ ಏನ್ ಅವಸ್ರ ಇವ್ನಿಗೆ?" ಎಂದಳು ಗೋಪಾಲಮ್ಮ.

"ಕನ್ನಡದ್ ಮೇಲಿನ್ ಅಭಿಮಾನ ಕಣೇ. ನಿಂಗೇನ್ ಗೊತ್ತು."

ಮಧ್ಯಾಹ್ನ ಒಂದೂವರೆಗೆ ಸುಫಿಯಾನ್ ಕೊನೆಯ ಬೋಲ್ಟು ಬಿಗಿದು ಕೈ ಎತ್ತಿದ. ಬ್ಯಾಟರಾಯಪ್ಪ ದೇವರನ್ನು ನೆನೆದು ಸೆಲ್ಫ್ ಹೊಡೆದ. ಟ್ರಕ್ಕು ಒಮ್ಮೆ ಸೀನಿತು, ಹನ್ನೊಂದು ವರ್ಷದ ಮಸಿಯನ್ನೆಲ್ಲ ಅಶ್ವತ್ಥರ ಬಿಳಿ ಅಂಗಿಯ ಮೇಲೆ ಉಗಿಯಿತು, ಆಮೇಲೆ ಆನೆ ಘೀಳಿಟ್ಟಂತೆ ಎದ್ದಿತು. ಕೋಳಿಗಳು ಕಿಟಕಿಯಿಂದ ಹಾರಿದವು. ಬ್ಯಾಟರಾಯಪ್ಪ ಸ್ಟೇರಿಂಗ್ ತಬ್ಬಿಕೊಂಡು ಮಗುವಿನ ಹಾಗೆ ಅತ್ತ.

"ಆಫ್ ಮಾಡ್ಬೇಡಿ ಅಣ್ಣ!" ಸುಫಿಯಾನ್ ಕೂಗಿದ. "ಹೊಸ ರಿಂಗು ಒಳಗೆ ಹೊಂದ್ಕೋಬೇಕು ಅಂದ್ರೆ ನಿಂತಲ್ಲೇ ಗುರ್ ಅನ್ಸೋದಲ್ಲ. ಐವತ್ ಕಿಲೋಮೀಟ್ರು ಒಂದೇ ಸಮ ಓಡಿಸ್ಬೇಕು. ಮೇಲೆ ಒಂದಿಷ್ಟು ಲೋಡೂ ಇರ್ಬೇಕು."

"ಎಷ್ಟೊತ್ತಾಗುತ್ತೆ ಗುರು?" ನಾಗೇಶ ಕೇಳಿದ.

"ಮೂರ್ ಗಂಟೆ."

"ಲೋಡಿಗೇನ್ ಬರ, ಸಮಿತಿಯೋರೇ ಇದಾರಲ್ಲ! ಹತ್ತಿ ಹತ್ತಿ, ಎಲ್ರೂ ಹತ್ತಿ! ಟ್ರಾಫಿಕ್ನೋರಿಗೆಲ್ಲ ಹೇಳಿದೀನಿ. ನಿಧಾನಕ್ ಹೋಗ್ಬನ್ನಿ ಅಣ್ಣ, ಏನೂ ಅವಸರ ಇಲ್ಲ" ಎಂದು ನಾಗೇಶ ತಾನೇ ಒಬ್ಬೊಬ್ಬರ ಕೈಹಿಡಿದು ಹತ್ತಿಸಿದ. ಹದಿನಾಲ್ಕು ಜನರೂ, ಜೊತೆಗೆ ಸುಫಿಯಾನನೂ ಏರಿದರು. ಗೋಪಾಲಮ್ಮ ಮಾತ್ರ, "ಒಬ್ರಾದ್ರೂ ಇಲ್ ಇರ್ಬೇಕು" ಎಂದು ಪೊರಕೆ ಹಿಡಿದು ನಿಂತಳು.

ಯಲಹಂಕದಲ್ಲಿ ಜನ ಮೊಬೈಲು ಎತ್ತಿ ಫೋಟೋ ಹೊಡೆದರು. ಹೆಸರಘಟ್ಟದಲ್ಲಿ ಮಕ್ಕಳು ಹಿಂದೆ ಓಡಿದರು. ಚಿಕ್ಕಬಾಣಾವರದ ಸ್ಟೇಷನ್ನಿನ ಹತ್ತಿರ ಇಂಜಿನ್ ಓಡುತ್ತಿದ್ದಂತೆಯೇ ಬ್ಯಾಟರಾಯಪ್ಪ ಮೆಟ್ಟಿಲ ಮೇಲೆ ನಿಂತು, ಜನಶಕ್ತಿಯ ಎದುರು ಯಾವ ಜೆಸಿಬಿಯೂ ನಿಲ್ಲದು ಎಂದು ಹತ್ತು ನಿಮಿಷ ಭಾಷಣ ಬಿಗಿದ. ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿದ್ದದ್ದು ಆ ಗುಡುಗಿನಲ್ಲಿ ಯಾರಿಗೆ ಕೇಳಬೇಕು?

ಐದು ಗಂಟೆಗೆ ಊರಿಗೆ ತಿರುಗಿದಾಗ ಹೊಂಗೆ ಮರಗಳು ಕಾಣಲಿಲ್ಲ. ಅವುಗಳಿದ್ದ ಜಾಗದಲ್ಲಿ ಎರಡಾಳು ಎತ್ತರದ ನೀಲಿ ಶೀಟುಗಳು, ಕಬ್ಬಿಣದ ಗೇಟು, ಸ್ಟೂಲಿನ ಮೇಲೊಬ್ಬ ವಾಚ್‌ಮನ್, ಬಣ್ಣ ಆರದ ಬೋರ್ಡು: 'ಈ ಸ್ವತ್ತು ಖಾಸಗಿಯವರಿಗೆ ಸೇರಿದ್ದು.' ಒಳಗೆ ಜೆಸಿಬಿ ಗುಟುರು ಹಾಕುತ್ತಿತ್ತು. ಗೇಟಿನ ಬಳಿ ನಾಗೇಶ ಅದೇ ಫ್ಲೆಕ್ಸಿನ ನಗೆಯಲ್ಲಿ ಕೈಮುಗಿದು ನಿಂತಿದ್ದ.

ಗೋಪಾಲಮ್ಮ ರಸ್ತೆಬದಿಯ ಕಲ್ಲಿನ ಮೇಲೆ ಕೂತಿದ್ದಳು. ಪೊರಕೆ ಮುರಿದಿತ್ತು.

"ಅನ್ನೊಂದ್ ಸಲ ಫೋನ್ ಮಾಡ್ದೆ. ಮೂರ್ ಸಲ ಜೆಸಿಬಿ ವಾಪಸ್ ಓಗಿದ್ದು ನಿನ್ ಅರ್ಜಿಗ್ ಎದ್ರಿ ಅಲ್ಲ, ತಿಳ್ಕೋ. ನಿನ್ ಕೆಟ್ಟ್ ಲಾರಿ ದಾರಿಗ್ ಅಡ್ಡ ನಿಂತಿತ್ತಲ್ಲ, ಅದಕ್ಕೆ. ಹೋರಾಟ ಮಾಡಿದ್ದು ಅದೊಂದೇಯ. ಅದ್ನೂ ರಿಪೇರಿ ಮಾಡ್ಸಿ ಓಡಿಸ್ಬುಟ್ಟೆ."

ಬ್ಯಾಟರಾಯಪ್ಪನ ಮೈ ಉರಿಯಿತು. ಟ್ರಕ್ಕನ್ನು ಗೇಟಿಗೆ ಅಡ್ಡಲಾಗಿ ತಂದು ನಿಲ್ಲಿಸಿ, ಆಫ್ ಮಾಡಿ, ಕೆಳಗಿಳಿದು ಚಕ್ರಕ್ಕೆ ಒರಗಿ ಕೂತ. ಮೇಲಿಂದ ಹದಿನಾಲ್ಕು ಕಂಠಗಳು ಧಿಕ್ಕಾರ ಕೂಗಿದವು. ಹತ್ತು ನಿಮಿಷದಲ್ಲಿ ಪೊಲೀಸಪ್ಪ ಬಂದ. ತೋಪು ನುಂಗಿದಾಗ ಕಾಣದ ಪೊಲೀಸು, ಗೇಟಿಗೆ ಅಡ್ಡ ನಿಂತ ಕೂಡಲೇ!

"ಯಾರ್ದ್ರೀ ಗಾಡಿ? ತೆಗೀರಿ."

"ಕೆಟ್ಟೋಗದೆ ಸ್ವಾಮಿ" ಎಂದ ಬ್ಯಾಟರಾಯಪ್ಪ, ಹನ್ನೊಂದು ವರ್ಷದ ಅಭ್ಯಾಸಬಲದಿಂದ, ಅಷ್ಟೇ ಭಕ್ತಿಯಿಂದ. "ಅಳೇ ಮಿಲಿಟ್ರಿ ಇಂಜಿನ್ನು. ರಿಂಗೆಲ್ಲ ಸವ್ದೋಗದೆ. ಏನ್ ಮಾಡುದ್ರೂ ಸ್ಟಾರ್ಟ್ ಆಗಕಿಲ್ಲ."

ಪೊಲೀಸಪ್ಪ ಟ್ರಕ್ಕಿನ ಗಾತ್ರ ನೋಡಿದ. ತಲೆ ಕೆರೆದುಕೊಂಡ. ಇನ್ನೇನು ಬೈಕು ಹತ್ತಬೇಕು. ನಾಗೇಶನ ನಗು ಮೊದಲ ಸಲ ಬಾಡಿತು.

"ಏನಂದ್ರಿ?" ಮೇಲಿಂದ ಸುಫಿಯಾನ್ ಧುಮುಕಿದ. ಅವನ ಮುಖ ಕೆಂಪಾಗಿತ್ತು. "ನಾನ್ ಕೈ ಹಾಕಿದ್ ಇಂಜಿನ್ನು ಸ್ಟಾರ್ಟ್ ಆಗಲ್ವಾ? ಹತ್ ದಿನ ಮಣ್ಣಲ್ ಹೊರಳಾಡಿದೀನಿ ಅಣ್ಣ! ಸಾರ್, ಇಲ್ ನೋಡಿ ಸಾರ್!"

ಬ್ಯಾಟರಾಯಪ್ಪ ಅವನ ಕಾಲು ಹಿಡಿಯುವಷ್ಟರಲ್ಲಿ ಅವನು ಕ್ಯಾಬಿನ್ನಿನಲ್ಲಿದ್ದ. ಸೆಲ್ಫ್ ಅರ್ಧ ಹೊಡೆಯುವಷ್ಟರಲ್ಲೇ ಟ್ರಕ್ಕು ಎದ್ದು, ತೊಟ್ಟು ಹೊಗೆಯಿಲ್ಲದೆ, ಹೊಸ ಗಾಡಿಯ ಹಾಗೆ ಹಾಡತೊಡಗಿತು.

"ಭಾಳ ಚೆನ್ನಾಗ್ ಮಾಡಿದೀಯಪ್ಪ" ಎಂದ ಪೊಲೀಸಪ್ಪ. "ಹ್ಞೂಂ, ಹೊರಡ್ರಿ."

ಎಲ್ಲಿಗೆ? ನಿಲ್ಲಿಸಲು ಊರಿನಲ್ಲಿ ಇನ್ನು ಜಾಗವೇ ಇರಲಿಲ್ಲ. ಹಿಂದೆ ಸಮಿತಿಯವರು ಆಗಲೇ ನಲವತ್ತೆರಡನೇ ಮನವಿ ಪತ್ರಕ್ಕೆ ಬಿಳಿ ಹಾಳೆ ಹುಡುಕುತ್ತಿದ್ದರು. ಬ್ಯಾಟರಾಯಪ್ಪ ಸುಫಿಯಾನನನ್ನು ಪಕ್ಕಕ್ಕೆ ಸರಿಸಿ ಸ್ಟೇರಿಂಗ್ ಮುಂದೆ ಕೂತ. ಆಮೇಲೆ ಕಿಟಕಿಯಿಂದ ತಲೆ ಹೊರಹಾಕಿ, ಮಸಿ ಅಂಗಿಯ ಅಶ್ವತ್ಥರನ್ನು ಕೂಗಿ, ಬಲು ಮೆತ್ತಗೆ ಕೇಳಿದ:

"ಸಾ, ಬೆಳಿಗ್ಗೆ ವೆಲ್ಡಿಂಗ್ ಒಡ್ಸಿದ್ರಲ್ಲ, ಆ ಐದ್ ರಿಂಗು... ಬಿಸಾಕಿಲ್ಲ ತಾನೆ?"