ಸೈಲೋಸಿಯ ಖಾಲಿ ಹೊಟ್ಟೆ

ಕಂದಾವು ದ್ವೀಪದ ನಮ್ಮೂರಿನಲ್ಲಿ ಬಾಗಿಲು ತೆರೆದಿಟ್ಟುಕೊಂಡೇ ತಿನ್ನಬೇಕು. ಬೀದಿಯಲ್ಲಿ ಯಾರೇ ಹೋಗಲಿ, "ಬಾ, ತಿನ್ನು!" ಎಂದು ಕೂಗಬೇಕು. ಕೂಗದಿದ್ದರೆ ಮನೆಯವರಿಗೆ ಅವಮಾನ, ಬಂದವನು ತಿನ್ನದೆ ಹೋದರೆ ಇನ್ನೂ ದೊಡ್ಡ ಅವಮಾನ. ಈ ಒಳ್ಳೆಯತನವೇ ಆ ಗುರುವಾರ ಸೈಲೋಸಿಯ ಕೊರಳಿಗೆ ಸುತ್ತಿಕೊಂಡಿತು.

ಸೈಲೋಸಿಗೆ ಐವತ್ತೆರಡು. ಆರು ವರ್ಷದಿಂದ ಸಂಧಿವಾತ. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುವುದಿಲ್ಲ, ಅಂಗಿಯ ಗುಂಡಿ ಹಾಕಲು ಅರ್ಧ ಗಂಟೆ ಬೇಕು. ಅವನ ಅಕ್ಕ ಮೆರೆಯೋನಿಗೂ ಇದೇ ಇತ್ತು. ಊರೆಲ್ಲ ಸೇರಿ ಅವಳ ಮಂಡಿಗೆ ಕೊಬ್ಬರಿ ಎಣ್ಣೆ ತಿಕ್ಕಿದರೇ ಹೊರತು ಎದೆಯ ಕಡೆ ಯಾರೂ ನೋಡಲಿಲ್ಲ. ಹೋದ ವರ್ಷ ಬಟ್ಟೆ ಒಣಹಾಕುತ್ತಿದ್ದವಳು ಅಲ್ಲೇ ಕುಸಿದು ತೀರಿಕೊಂಡಳು.

"ಈ ಬೇನೆ ಕೀಲಲ್ಲೇ ನಿಲ್ಲಲ್ಲ ಮಾವ. ಸಕ್ಕರೆ ಕಾಯಿಲೆ ತರುತ್ತೆ, ಹೃದಯಾನೂ ತಿನ್ನುತ್ತೆ. ಡಾಕ್ಟರು ಬಂದಾಗ ಖಾಲಿ ಹೊಟ್ಟೇಲಿ ಬಂದು ಪರೀಕ್ಷೆಗೆ ರಕ್ತ ಕೊಡಿ" ಎಂದು ನರ್ಸ್ ವಸೀತಿ ಹೇಳಿದಂದಿನಿಂದ ಸೈಲೋಸಿಗೆ ಹೆದರಿಕೆ. ಡಾಕ್ಟರ ದೋಣಿ ಬರುವುದು ಮೂರು ತಿಂಗಳಿಗೊಮ್ಮೆ, ಆ ಗುರುವಾರ ಬಂದಿತ್ತು. ಆಸ್ಪತ್ರೆ ಊರಿನ ಆ ತುದಿಯಲ್ಲಿ. ನಡುವೆ ಏಳು ಮನೆ.

ಮೊದಲನೆಯದು ಲಿತಿಯಾನಾ ಅತ್ತೆಯದು.

"ಅಳಿಯಾ, ಬಾ, ತಿನ್ನು!"

"ಬೇಡ ಅತ್ತೆ, ರಕ್ತ ಕೊಡೋಕೆ ಹೊರಟಿದೀನಿ. ಏನೂ ತಿನ್ನಬಾರದಂತೆ."

"ಯಾವನೋ ಹಾಗಂದಿದ್ದು? ರಕ್ತ ಇರೋದು ಕೈಯಲ್ಲಿ, ಊಟ ಹೋಗೋದು ಹೊಟ್ಟೆಗೆ. ಇದಕ್ಕೂ ಅದಕ್ಕೂ ಏನು ಸಂಬಂಧ?"

ತೆಂಗಿನ ಹಾಲಿನಲ್ಲಿ ಬೆಂದ ಮರಗೆಣಸು ಅವನ ತುಟಿಯವರೆಗೂ ಬಂತು. ಸೈಲೋಸಿ ಹಲ್ಲು ಕಚ್ಚಿ ನಿಂತ. "ನನ್ನ ಮನೆಯಿಂದ ಇವತ್ತಿನವರೆಗೂ ಯಾರೂ ಬರಿ ಹೊಟ್ಟೇಲಿ ಹೋಗಿಲ್ಲ ಕಣೋ" ಎಂದು ಅತ್ತೆ ಅಳತೊಡಗಿದಳು. ಅವನು ಕುಂಟುತ್ತ ಓಡಿದ.

ನಿಜ ಹೇಳಿ ಬದುಕುವ ಊರಲ್ಲ ಇದು ಎಂದು ಅವನಿಗೆ ಗೊತ್ತಾಯಿತು. ಎರಡನೆಯ ಮನೆ ಭಾವ ಪೆಥೇಲಿಯದು, ಮೆರೆಯೋನಿಯ ಗಂಡನದು.

"ಅತ್ತೆ ಮನೇಲಿ ಈಗಷ್ಟೇ ಮರಗೆಣಸು ತಿಂದೆ ಭಾವ."

"ಅದಕ್ಕೇ ಮುಖ ಹೀಗಾಗಿದೆ! ಹೋಗು, ಬದುಕ್ಕೊ."

ಉಪಾಯ ಫಲಿಸಿತು. ಮೂರನೆಯ ಮನೆಯಲ್ಲಿ ಅವನು ಪೆಥೇಲಿಯ ಮೀನನ್ನೂ ಸೇರಿಸಿದ. ನಾಲ್ಕನೆಯದರಲ್ಲಿ ಕರಿದ ರೊಟ್ಟಿ, ಐದನೆಯದರಲ್ಲಿ ಡಬ್ಬಿಯ ಮಾಂಸ. ಹೇಳುತ್ತ ಹೇಳುತ್ತ ಅವನ ಬಾಯಲ್ಲೇ ನೀರೂರಿತು. ಏಳನೆಯ ಮನೆಯ ಮುದುಕಿಗೆ ಮೂರು ಲೋಟ ಸಕ್ಕರೆ ಚಹಾದ ಲೆಕ್ಕವನ್ನೂ ಒಪ್ಪಿಸಿ, ಗೆದ್ದೆ ಎಂದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದ.

"ಮಾವ, ನಿಮ್ಮ ಹೆಸರು ಹೊಡೆದು ಹಾಕಿದೀನಿ" ಎಂದಳು ವಸೀತಿ. "ಏಳನೇ ಮನೆ ಅಜ್ಜಿ ಫೋನ್ ಮಾಡಿದ್ರು. 'ಸೈಲೋಸಿ ಆರು ಮನೇಲಿ ತಿಂದ್ಕೊಂಡು ಬರ್ತಿದಾನೆ, ಸ್ವಲ್ಪ ಬುದ್ಧಿ ಹೇಳು' ಅಂತ ಅತ್ತುಬಿಟ್ರು."

"ಅಯ್ಯೋ, ಅದು ಸುಳ್ಳು ತಾಯಿ! ನಾನೇ ಹೇಳಿದ್ದು! ಬೇಕಾದ್ರೆ ಲಿತಿಯಾನಾ ಅತ್ತೇನ ಕೇಳು. ಅವರ ಕಣ್ಣೆದುರೇ ತಿನ್ನದೆ ಬಂದಿದೀನಿ."

ವಸೀತಿ ಫೋನ್ ಮಾಡಿದಳು. ಅತ್ತೆಯ ದನಿ ಕೋಣೆಗೆಲ್ಲ ಕೇಳಿಸಿತು: "ತಿನ್ನದೆ ಹೋದನಾ? ನನ್ನ ಮನೆಯಿಂದಾ? ಯಾರೇ ಹಾಗಂದೋರು? ಎರಡು ತಟ್ಟೆ ಖಾಲಿ ಮಾಡಿದ!"

ಸೈಲೋಸಿ ಬೆಂಚಿನ ಮೇಲೆ ಕುಸಿದ. ಅವನ ಹೊಟ್ಟೆ ಗುರ್ರೆಂದಿತು.

"ನೋಡಿ, ಇನ್ನೂ ಅರಗಿಲ್ಲ" ಎಂದಳು ವಸೀತಿ, ಬೇಸರದಿಂದಲೇ. "ಮೂರು ತಿಂಗಳು ಬಿಟ್ಟು ಬನ್ನಿ ಮಾವ."

ಹಿಂದಿರುಗುವಾಗ ಬಿಸಿಲು ನೆತ್ತಿಗೇರಿತ್ತು. ಬಾಗಿಲುಗಳು ತೆರೆದೇ ಇದ್ದವು. ಯಾರೂ ಕೂಗಲಿಲ್ಲ. ಪೆಥೇಲಿಯ ಮನೆ ಬರುವ ಹೊತ್ತಿಗೆ ಸೈಲೋಸಿಗೆ ಕಣ್ಣು ಕತ್ತಲೆ ಬರುತ್ತಿತ್ತು. ನಾಚಿಕೆ ಬಿಟ್ಟು ತಾನೇ ಹೊಸ್ತಿಲಲ್ಲಿ ಕೂತ.

"ಭಾವ, ಏನಾದ್ರೂ ಇದ್ರೆ ಕೊಡು. ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲ."

ಪೆಥೇಲಿ ನಗುತ್ತಾನೆ, ಗೇಲಿ ಮಾಡುತ್ತಾನೆ ಎಂದುಕೊಂಡಿದ್ದ. ಪೆಥೇಲಿ ನಗಲಿಲ್ಲ. ಎದ್ದು ಹೋಗಿ ಪಾತ್ರೆಯ ಮುಚ್ಚಳ ಮುಚ್ಚಿದ.

"ಎಲ್ಲಾ ಗೊತ್ತಾಯ್ತು ಕಣೋ. ನನ್ನ ಮನೆ ಬಿಟ್ಟು ಐದು ಮನೇಲಿ ತಿಂದಿದೀಯ, ಇನ್ನೂ ಸಾಲದಾ?" ಅವನ ಕಣ್ಣು ತುಂಬಿತ್ತು. "ಬೈಕೋ ಬೇಕಾದ್ರೆ. ನನ್ನ ಕೈಯಿಂದ ಒಂದು ತುತ್ತೂ ಕೊಡಲ್ಲ. ನಿಮ್ಮಕ್ಕ ಕೇಳಿದಾಗಲೆಲ್ಲ ಕೊಟ್ಟೆ."